ಬೆಂಕಿ ಕಂಡ ಗರಗಸ

ನೋಲಾ ಟ್ರೆಂಬತ್ ಶಾಲಾ ಬಸ್ಸು ಓಡಿಸುವವಳು. ಬೆಳಿಗ್ಗೆ ಹ್ಯೂನ್ ನದಿಯ ದಂಡೆಗುಂಟ ಮಕ್ಕಳನ್ನು ಹತ್ತಿಸಿಕೊಳ್ಳುತ್ತ ಹೋಗಿ, ಮಧ್ಯಾಹ್ನ ಅದೇ ದಂಡೆಗುಂಟ ಇಳಿಸುತ್ತ ಬರುತ್ತಿದ್ದಳು. ಈ ಎರಡು ಓಟದ ನಡುವೆ ಸಿಗುವ ಹೊತ್ತು ಪೂರ್ತಿ ಅವಳದು. ಅದನ್ನು ಅವಳು ಹಳೆಯ ಕೈಗರಗಸಗಳಿಗೆ ಕೊಟ್ಟುಬಿಟ್ಟಿದ್ದಳು.

ಆ ಗೀಳು ಹತ್ತಿದ್ದು ಊರ ಕಸದ ಗುಡ್ಡದಲ್ಲಿ. ಹಳೆಯ ಹಾಸಿಗೆಯೊಂದನ್ನು ಎಸೆದು ಬರೋಣವೆಂದು ಗಂಡ ಕೆಲ್ ಜೊತೆ ಹೋಗಿದ್ದಳು. ಗುಡ್ಡದ ಬಾಗಿಲಲ್ಲೇ ಒಂದು ತಗಡಿನ ಅಂಗಡಿ. ಒಬ್ಬರು ಬಿಸಾಡಿದ್ದನ್ನು ಇನ್ನೊಬ್ಬರು ಆಸೆಪಟ್ಟು ಕೊಂಡೊಯ್ಯುವ ಜಾಗ. ಹೂಕುಂಡವೊಂದನ್ನು ಎಳೆದುಕೊಳ್ಳಲು ಹೋಗಿ ಅಡ್ಡ ಬಂದ ಗರಗಸವನ್ನು ಸರಿಸಿದಳು. ಅದರ ತುದಿ ಪೆಟ್ಟಿಗೆಗೆ ಸಿಕ್ಕಿ, ಬಗ್ಗಿ, ಪಟ್ಟನೆ ಬಿಡಿಸಿಕೊಂಡಿತು. ಆಗ ಅದು ಹಾಡಿತು. ಮೈತುಂಬ ತುಕ್ಕು ಹೊತ್ತುಕೊಂಡು ಯಾರಿಗೂ ಬೇಡವಾಗಿ ಬಿದ್ದಿದ್ದ ಆ ಉಕ್ಕಿನ ಹಾಳೆಯಿಂದ ಸಣ್ಣಗೆ, ಉದ್ದಕ್ಕೆ, ನೀರಾಚೆಯಿಂದ ಯಾರೋ ಕರೆದ ಹಾಗೆ ಒಂದು ದನಿ ಎದ್ದು ಎಷ್ಟೋ ಹೊತ್ತು ಗಾಳಿಯಲ್ಲಿ ನಿಂತಿತು. ನೋಲಾಳೂ ನಿಂತಳು. ಹಿಂದಿನ ಗಾಡಿಯವರು ಹಾರನ್ ಬಾರಿಸಿದ್ದು ಅವಳಿಗೆ ಕೇಳಲಿಲ್ಲ.

"ಏನೇ, ನಿಂತಲ್ಲೇ ಬೇರು ಬಿಟ್ಯಾ?" ಎಂದು ಕೆಲ್ ಬಂದು ತೋಳು ಹಿಡಿದ. "ಒಂದು ಹಾಸಿಗೆ ಎಸೆಯೋಕೆ ಬಂದು ಕಬ್ಬಿಣ ಹೊತ್ಕೊಂಡು ಹೋಗೋಳು ನೀನೊಬ್ಳೇ ಕಣೇ."

ಅಲ್ಲಿಂದ ಶುರುವಾದದ್ದು ನಿಲ್ಲಲಿಲ್ಲ. ಶನಿವಾರ ಬೆಳಗಾದರೆ ಯಾರ ಮನೆಯ ಕೊಟ್ಟಿಗೆ ಖಾಲಿಯಾಗುತ್ತಿದೆ, ಯಾವ ತೋಟದವರು ಸಾಮಾನು ಹರಡಿ ಮಾರುತ್ತಿದ್ದಾರೆ ಎಂದು ಹುಡುಕಿಕೊಂಡು ಹೋಗುವಳು. ಬೇರೆಯವರು ಹೊಳೆಯುವ ವಸ್ತುವಿಗೆ ಕೈಹಾಕಿದರೆ ಇವಳು ಮೇಜಿನ ಕೆಳಗೆ ಬಗ್ಗುವಳು. ತುಕ್ಕಿನಡಿ ಏನಿದೆ ಎಂಬುದು ಅವಳಿಗೆ ಕೈಯಲ್ಲೇ ತಿಳಿಯುತ್ತಿತ್ತು. ಒಳ್ಳೆಯ ಗರಗಸದ ಅಲಗು ಬೆನ್ನಿನ ಕಡೆಗೆ, ತುದಿಯ ಕಡೆಗೆ ತೆಳ್ಳಗಾಗುತ್ತ ಹೋಗುತ್ತದೆ. ಬೆರಳ ಸಂದಿನಲ್ಲಿ ಹಿಡಿದು ಎಳೆದರೆ ಮೀನು ಜಾರಿದ ಹಾಗಾಗಬೇಕು. ಹಿಡಿ ಸೇಬಿನ ಮರದ್ದೋ ಬೀಚ್ ಮರದ್ದೋ, ಅದರಲ್ಲಿ ಕೊರೆದ ಗೋಧಿ ತೆನೆ ಕೈಯಿಂದ ಕೊರೆದದ್ದೋ ಯಂತ್ರದ್ದೋ, ಹಿಡಿಯ ನಡುವಿನ ಹಿತ್ತಾಳೆ ಗುಂಡಿಯ ಮೇಲೆ ಕಿರೀಟವಿದೆಯೋ ಹದ್ದಿದೆಯೋ, ಇಷ್ಟು ನೋಡಿದರೆ ಅದು ಶೆಫೀಲ್ಡಿನದೋ ಅಮೆರಿಕದ್ದೋ, ಅಜ್ಜನ ಕಾಲದ್ದೋ ಮುತ್ತಜ್ಜನ ಕಾಲದ್ದೋ ಎಂದು ಹೇಳಿಬಿಡುತ್ತಿದ್ದಳು.

ಆದರೆ ಅವಳ ಸುಖ ಇದ್ದದ್ದು ಈ ಪತ್ತೇದಾರಿಕೆಯಲ್ಲಲ್ಲ, ಆಮೇಲೆ. ಮನೆಯ ಹಿಂದಿನ ಶೆಡ್ಡಿನಲ್ಲಿ, ಕಿಟಕಿಯ ಪಕ್ಕ, ಸೀಮೆಎಣ್ಣೆ ಸವರಿದ ಮರಳುಕಾಗದದಿಂದ ತಿಕ್ಕುತ್ತ ಕೂತರೆ ಹೊರಗಿನ ಲೋಕ ದೂರವಾಗುತ್ತಿತ್ತು. ಕಂದು ಬಣ್ಣದ ನೀರು ಇಳಿದ ಹಾಗೆಲ್ಲ ಬೂದು ಉಕ್ಕು ಮೇಲಕ್ಕೆ ಬರುವುದು. ಅಲಗನ್ನು ಬೆಳಕಿಗೆ ಓರೆಯಾಗಿ ಹಿಡಿದರೆ, ಗಾಜಿನ ಮೇಲೆ ಉಸಿರು ಬಿಟ್ಟಾಗ ಮೂಡುವಂತೆ, ಮಾಡಿದವನ ಹೆಸರಿನ ಮಸಕು ಅಕ್ಷರ ಮೂಡುವುದು. ಹಿಡಿಯಲ್ಲಿ ಯಾರದೋ ಹೆಬ್ಬೆರಳು ಸವೆಸಿದ ಗುಳಿ. ತನ್ನ ಹೆಬ್ಬೆರಳನ್ನು ಅದರಲ್ಲಿ ಕೂಡಿಸಿದರೆ ಅವಳಿಗೆ ಒಬ್ಬ ಮನುಷ್ಯ ಕಾಣುತ್ತಿದ್ದ. ಮೋಟು ಬೆರಳಿನವನು, ಬೆಳಗಿನ ಮಂಜಿನಲ್ಲಿ ಬಾಗಿಲ ಚೌಕಟ್ಟು ಕೊಯ್ಯುತ್ತಿರುವವನು, ಬಾಯಲ್ಲಿ ಮೊಳೆ ಕಚ್ಚಿಕೊಂಡವನು. ಅರೆ ಎಚ್ಚರ, ಅರೆ ನಿದ್ದೆ. ಎಷ್ಟೋ ಸಲ ಅಲಾರಂ ಹೊಡೆದುಕೊಂಡ ಮೇಲೆಯೇ ಅವಳಿಗೆ ಮಕ್ಕಳು ಶಾಲೆಯ ಗೇಟಿನಲ್ಲಿ ಕಾಯುತ್ತಿದ್ದಾರೆಂಬುದು ನೆನಪಾಗುತ್ತಿತ್ತು.

ಈ ಕನಸು ಕೆಡಬಾರದೆಂದೇ ಅವಳು ಗರಗಸ ಮಾರುವವರನ್ನು "ಇದು ಯಾರದು?" ಎಂದು ಕೇಳುತ್ತಿರಲಿಲ್ಲ. ಒಮ್ಮೆ ಕೇಳಿದ್ದಳು. "ನಮ್ಮ ಮಾವಂದು, ಮಹಾ ಕುಡುಕ ಮುಂಡೇಗಂಡ" ಎಂಬ ಉತ್ತರ ಬಂದಿತ್ತು. ಆ ಗರಗಸವನ್ನು ಅವಳು ಚೆನ್ನಾಗಿಯೇ ಸರಿಮಾಡಿದಳು. ಆದರೆ ಅದರಿಂದ ಯಾವ ಮನುಷ್ಯನೂ ಎದ್ದು ಬರಲಿಲ್ಲ.

ಕೆಲ್ ಸಾಲ್ಮನ್ ಸಾಕುವ ಕಂಪನಿಯ ದೋಣಿಯಲ್ಲಿ ಕೆಲಸ ಮಾಡುವವನು. ಮೀನಿನ ವಾಸನೆ ಹೊತ್ತು ಮನೆಗೆ ಬಂದು ಶೆಡ್ಡಿನ ಬಾಗಿಲಿಗೆ ಒರಗಿ, "ಇವತ್ತು ಯಾರ ಜೊತೆ ಇದ್ದೆ?" ಎಂದು ಕೇಳುವನು.

"ಹಡಗು ಕಟ್ಟೋನು ಅನ್ಸುತ್ತೆ. ಎಡಗೈಯೋನು."

"ನನಗಿಂತ ಚೆನ್ನಾಗಿದ್ನಾ?"

"ಮೀನು ನಾರ್ತಿರ್ಲಿಲ್ಲ."

ಹೀಗೆ ನಡೆದಿತ್ತು ಸಂಸಾರ.

ಸೇಬು ಕೀಳುವ ಕಾಲದ ಒಂದು ಗುರುವಾರ, ನೋಲಾ ಬೆಳಗಿನ ಓಟ ಮುಗಿಸಿ ಬಂದಾಗ, ಶೆಡ್ಡಿನ ಮುಂದೆ ಒಬ್ಬ ಮನುಷ್ಯ ನಿಂತಿದ್ದ. ವಯಸ್ಸು ಎಪ್ಪತ್ತರ ಆಸುಪಾಸು. ಉದ್ದ ಆಳು, ನಡು ಮಾತ್ರ ತುಸು ಬಾಗಿತ್ತು. ಕಂಕುಳಲ್ಲಿ ಸ್ನಾನದ ಟವೆಲ್ಲಿನಲ್ಲಿ ಸುತ್ತಿದ ಏನೋ ಒಂದು.

"ಕಸದಂಗಡಿ ಶಾರ್ಲೀನ್ ಕಳಿಸಿದ್ಲು," ಎಂದ. "ಲಿಂಡ್ಸೆ ಕಾಥಾರ್ನ್ ಅಂತ. ಸಿಗ್ನೆಟ್ ಊರಿನ ಮೇಲಿನ ಗುಡ್ಡದೋರು ನಾವು. ಪಶ್ಚಿಮದ ಗಣಿಗಳಲ್ಲಿ ಆಯಸ್ಸು ಕಳೆದು ಈಗ ವಾಪಸ್ ಬಂದಿದೀನಿ. ಗರಗಸದ ಡಾಕ್ಟರಮ್ಮ ನೀನೇ ಏನು?"

"ಡಾಕ್ಟ್ರಲ್ಲ, ಬಸ್ ಡ್ರೈವರ್ರು. ಬಿಚ್ಚು, ನೋಡೋಣ."

ಟವೆಲ್ ಬಿಚ್ಚಿದ. ಬರೀ ಅಲಗು, ಹಿಡಿ ಇರಲಿಲ್ಲ. ಮೈಯೆಲ್ಲ ಕಪ್ಪು ಹಕ್ಕಳೆ, ಅಲ್ಲಲ್ಲಿ ನೇರಳೆ ಬಣ್ಣದ ಕಲೆ. ಹಿಡಿ ಕೂರುವ ತೂತುಗಳಲ್ಲಿ ಒಂದರ ಬಾಯಿಗೆ ಕರಗಿದ ಹಿತ್ತಾಳೆ ಮೇಣದ ಹನಿಯ ಹಾಗೆ ಅಂಟಿಕೊಂಡಿತ್ತು. ನೋಲಾ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಅಭ್ಯಾಸಬಲದಿಂದ, ಮೆಲ್ಲಗೆ ಬಗ್ಗಿಸಿ ಬಿಟ್ಟಳು. ಅದು ಹಾಡಲಿಲ್ಲ. ಬಗ್ಗಿಸಿದಷ್ಟೇ ಬಗ್ಗಿ, ಹಾಗೇ ಉಳಿಯಿತು.

ಉಕ್ಕು ಬೆಂಕಿಗೆ ಬಿದ್ದರೆ ಹದ ಹೋಗುತ್ತದೆ. ಹದ ಹೋದ ಗರಗಸ ತಗಡಿಗೆ ಸಮ. ಅದು ನೋಲಾಳಿಗೆ ಗೊತ್ತಿತ್ತು, ಆದರೆ ಎದುರಿಗೆ ನಿಂತವನ ಮುಖ ನೋಡಿ "ಇಟ್ಟು ಹೋಗು, ಮುಂದಿನ ವಾರ ಬಾ" ಎಂದಷ್ಟೇ ಹೇಳಿದಳು.

ಸಂಜೆ ಕೆಲ್ ಬಂದು ನೋಡಿದ. "ಇದ್ಯಾರೇ, ಸುಟ್ಟ ಮೀನು?"

"ತೊಂಬತ್ತು ಪಾಲು ಸತ್ತಿದೆ ಕಣೋ. ಅವನಿಗೆ ಹೇಗೆ ಹೇಳಲಿ?"

"ಹೇಳೋದ್ಯಾಕೆ? ಗೋಡೆ ಮೇಲೆ ಇದರ ಅಕ್ಕತಂಗೀರು ಅಷ್ಟೊಂದು ನೇತಾಡ್ತಿದಾರಲ್ಲ. ಒಂದನ್ನ ಒರೆಸಿ ಕೊಡು. ಸುಟ್ಟಿದ್ದೆಲ್ಲ ಉದುರಿ ಹೋಯ್ತು ಅನ್ನು. ಅವನೂ ಖುಷಿ, ನೀನೂ ಖುಷಿ."

"ಮೋಸ ಅಲ್ವೇನೋ?"

"ಔಷಧಿ ಅನ್ನು."

ಆ ಮಾತು ಅವಳ ಮನಸ್ಸಿನಲ್ಲಿ ಎರಡು ದಿನ ಓಡಾಡಿತು. ಮೂರನೆಯ ದಿನ ಸುಟ್ಟ ಅಲಗನ್ನು ಮೇಜಿನ ಮೇಲಿಟ್ಟು ತೂತುಗಳ ನಡುವಿನ ಅಂತರ ಅಳೆದಳು. ತುದಿಯ ಬೆನ್ನ ಮೇಲಿನ ಪುಟ್ಟ ಮೂಗನ್ನು, ಅಲಗು ಇಳಿಜಾರಾಗುವ ಬಗೆಯನ್ನು ನೋಡಿದಳು. ಅಕ್ಷರಗಳನ್ನು ಬೆಂಕಿ ತಿಂದಿದ್ದರೂ ಮೈಕಟ್ಟು ಹೇಳುತ್ತಿತ್ತು: ಶೆಫೀಲ್ಡಿನದು, ಎರಡು ಮಹಾಯುದ್ಧಗಳ ನಡುವಿನ ಕಾಲದ್ದು. ಗೋಡೆಯಿಂದ ಒಂದನ್ನು ಇಳಿಸಿ ಅದರ ಮೇಲಿಟ್ಟಳು. ತೂತಿಗೆ ತೂತು ಕೂತಿತು. ಒಂದೇ ಬಸಿರಿನ ಅವಳಿ ಮಕ್ಕಳು. ಕೆಲ್ ಹೇಳಿದ್ದನ್ನು ಮಾಡಬೇಕೆಂದರೆ ಇನ್ನು ಒಂದು ಬಟ್ಟೆ, ಒಂದಿಷ್ಟು ಎಣ್ಣೆ ಸಾಕಿತ್ತು.

ಹಲ್ಲುಗಳೂ ಒಂದೇ ಅಳತೆಯವೋ ಎಂದು ನೋಡಲು ಕಿಟಕಿಯ ಹತ್ತಿರ ಬಗ್ಗಿದಳು. ಸುಟ್ಟದ್ದರ ಹಲ್ಲುಗಳನ್ನು ಯಾರೋ ಬಹಳ ಚೊಕ್ಕವಾಗಿ ಅರ ಹಾಕಿ ಹರಿತ ಮಾಡಿದ್ದರು. ಬೆಂಕಿ ಕಂಡ ಮೇಲೂ ಒಂದರ ಹಿಂದೊಂದು ಸಾಲಾಗಿ, ಶಿಸ್ತಾಗಿ ನಿಂತಿದ್ದವು. ತುದಿಯ ಕಡೆಯ ಒಂದು ಗೇಣು ಮಾತ್ರ ಬೇರೆ. ಅಲ್ಲಿ ಒಂದು ಹಲ್ಲು ದೊಡ್ಡದು, ಪಕ್ಕದ್ದು ಪುಟಾಣಿ, ಮತ್ತೊಂದು ದೊಡ್ಡದು, ಮತ್ತೊಂದು ವಾಲಿಕೊಂಡದ್ದು. ಗರಗಸದವರು ಇದನ್ನು ಹಸು-ಕರು ಎನ್ನುತ್ತಾರೆ. ಅರ ಹಿಡಿದು ಪಳಗದ ಕೈಯಲ್ಲಿ ಹಲ್ಲುಗಳು ಹೀಗೆ ಆಗುತ್ತವೆ. ಒಂದೇ ಗರಗಸದಲ್ಲಿ ಎರಡು ಕೈ. ಇಂಥದ್ದನ್ನು ಅವಳು ಹಿಂದೆ ಕಂಡಿರಲಿಲ್ಲ.

ಹಿಡಿಯಿಲ್ಲದ ಆ ಅಲಗನ್ನು ತೊಡೆಯ ಮೇಲಿಟ್ಟುಕೊಂಡು ಎಂದಿನ ಹಾಗೆ ಕಣ್ಣು ಅರೆಮುಚ್ಚಿದಳು. ಯಾರೋ ಬರುತ್ತಾರೆ ಎಂದು ಕಾದಳು. ಯಾರೂ ಬರಲಿಲ್ಲ. ಮೊದಲ ಸಲ ಅವಳಿಗೆ ಕನಸು ಬೇಡವಾಗಿ, ಕೇಳಬೇಕು ಅನಿಸಿತು. ಅವಳಿಯನ್ನು ಮತ್ತೆ ಗೋಡೆಗೆ ಹಾಕಿದಳು.

ಗುರುವಾರ ಲಿಂಡ್ಸೆ ಬಂದ. ನೋಲಾ ಚಹಾ ಕೊಟ್ಟು, ಒಂದೇ ಉಸಿರಿಗೆ ಹೇಳಿಬಿಟ್ಟಳು. "ನೋಡು, ಸುಳ್ಳು ಹೇಳಲ್ಲ. ಇದರ ಹದ ಹೋಗಿದೆ. ಮತ್ತೆ ಬರಿಸೋದು ನನ್ನ ಕೈಲಿ ಆಗಲ್ಲ, ಯಾರ ಕೈಲೂ ಆಗಲ್ಲ ಅನ್ಸುತ್ತೆ."

"ಗೊತ್ತು," ಎಂದ ಲಿಂಡ್ಸೆ, ಬಿಸ್ಕತ್ತು ಅದ್ದುತ್ತ. "ಐವತ್ತು-ಅರವತ್ತು ವರ್ಷದಿಂದ ಗೊತ್ತು. ಬದುಕಿಸು ಅಂತ ನಾನೆಲ್ಲಿ ಕೇಳ್ದೆ? ಕೊಯ್ಯುತ್ತಾ ಅಂತ ಕೇಳೋಕೆ ಬಂದಿದ್ದು."

ಈ ಪ್ರಶ್ನೆ ನೋಲಾಳಿಗೆ ಹೊಳೆದಿರಲೇ ಇಲ್ಲ.

"ಅರ ಹಾಕಿದ್ರೆ ಕೊಯ್ಯುತ್ತೆ," ಎಂದಳು ನಿಧಾನವಾಗಿ. "ಮೆತ್ತನೆ ಮರ ಆದ್ರೆ, ಸ್ವಲ್ಪ ಹೊತ್ತು. ಆಮೇಲೆ ಮೊಂಡಾಗುತ್ತೆ. ಒತ್ತಿದ್ರೆ ಸೊಟ್ಟಾಗುತ್ತೆ."

"ಹ್ಯೂನ್ ಪೈನ್ ಮರ ಮೆತ್ತಗಲ್ವಾ?"

"ಬೆಣ್ಣೆ."

"ಹಾಗಾದ್ರೆ ಆಯ್ತಲ್ಲ."

ಆಗ ಅವಳು ತುದಿಯ ಹಲ್ಲುಗಳನ್ನು ತೋರಿಸಿದಳು. "ಇದು ಯಾರ ಕೈ? ಈ ಕಡೆ ಒಳ್ಳೆ ಕೈ, ಈ ಕಡೆ..." ಎಂದು ನಕ್ಕಳು.

ಲಿಂಡ್ಸೆ ಕನ್ನಡಕ ಏರಿಸಿ ಬಗ್ಗಿದ. ಬಹಳ ಹೊತ್ತು ನೋಡಿದ. ಬೆರಳಿಂದ ಸವರಿದ. ಬಿಸ್ಕತ್ತು ಚಹಾದಲ್ಲಿ ಮುರಿದು ಬಿದ್ದದ್ದೂ ಅವನಿಗೆ ತಿಳಿಯಲಿಲ್ಲ.

"ಅಯ್ಯೋ ದೇವ್ರೇ. ಇದು ನಂದು," ಎಂದ. "ಮರೆತೇಬಿಟ್ಟಿದ್ದೆ. ಅಮ್ಮ ಅರ ಹಾಕೋಳು, ಕೊನೆಗೆ ನನ್ನ ಕೈಗೆ ಕೊಡೋಳು. 'ತುದಿ ನಿಂದು ಕಣೋ, ಮಿಕ್ಕಿದ್ದು ನಂದು' ಅನ್ನೋಳು. ನಾನು ಕೆಡಿಸಿದ್ದನ್ನ ಯಾವತ್ತೂ ತಿದ್ದಲಿಲ್ಲ ನೋಡು. ಹಾಗೇ ಬಿಟ್ಟಿದಾಳೆ."

ಆಮೇಲೆ ಅವನು ಹೇಳಿದ ಕತೆ ಇದು. ಅವನ ತಾಯಿ ಐಲೀನ್ ಸೇಬಿನ ಪೆಟ್ಟಿಗೆ ಮಾಡುವ ಶೆಡ್ಡಿನಲ್ಲಿ ಹಲಗೆ ಕೊಯ್ಯುತ್ತಿದ್ದವಳು. ಆ ಕೆಲಸಕ್ಕೆ ಹೆಂಗಸರು ಇರಲಿಲ್ಲ, ಇವಳೊಬ್ಬಳು ಇದ್ದಳು. ಗಂಡ ಹಡಗಿನಲ್ಲಿ ಹೋದವನು ಬರಲಿಲ್ಲ. ಹತ್ತು ವರ್ಷದ ಮಗ ಹೊಳೆ ನೋಡುತ್ತ ನಿಲ್ಲುವುದನ್ನು ಕಂಡು, "ನಿಂಗೊಂದು ದೋಣಿ ಮಾಡ್ಕೊಡ್ತೀನಿ, ಅಷ್ಟೊಂದು ಬಾಯಿ ಬಿಡಬೇಡ" ಎಂದಿದ್ದಳು. ಹ್ಯೂನ್ ಪೈನ್ ಹಲಗೆಗಳನ್ನು ಒಂದೊಂದಾಗಿ ಕೂಡಿಸಿ ಮನೆಯ ಅಟ್ಟದಡಿ ಒಣಗಲು ಇಟ್ಟಿದ್ದಳು. ಬಾಗಿಲು ತೆಗೆದರೆ ಸಾಕು, ಮನೆಯೆಲ್ಲ ಆ ಮರದ ಸಿಹಿ ವಾಸನೆ. ಅರವತ್ತೇಳರ ಫೆಬ್ರವರಿಯಲ್ಲಿ, ನಡುಬೇಸಿಗೆಯಲ್ಲಿ, ಗುಡ್ಡಗಳಿಗೆ ಬೆಂಕಿ ಬಿತ್ತು. ತಾಯಿ ಮಗ ಇಬ್ಬರೂ ಒದ್ದೆ ಕಂಬಳಿ ಹೊದ್ದು ತೋಟದ ಕೆರೆಯಲ್ಲಿ ಕುತ್ತಿಗೆವರೆಗೆ ಕೂತು ಜೀವ ಉಳಿಸಿಕೊಂಡರು. ಮರುದಿನ ಮೇಲೆ ಹೋದರೆ ಮನೆಯಿದ್ದ ಜಾಗದಲ್ಲಿ ಹೊಗೆಗೂಡು ಒಂದೇ ನಿಂತಿತ್ತು. ಬೂದಿಯಲ್ಲಿ ಈ ಅಲಗು ಸಿಕ್ಕಿತು.

"ಅಮ್ಮ ಎತ್ಕೊಂಡು ಬಗ್ಗಿಸಿದ್ಲು, ನೀನು ಮಾಡಿದ್ಯಲ್ಲ, ಹಾಗೇ. ಅದು ನೆಟ್ಟಗಾಗ್ಲಿಲ್ಲ. ಮಂಡಿ ಮೇಲೆ ಇಟ್ಟು ತಾನೇ ನೆಟ್ಟಗೆ ಮಾಡಿ, ಕಂಕುಳಲ್ಲಿ ಇಟ್ಕೊಂಡು ಇಳಿದ್ಲು. ಮತ್ತೆ ಮನೆ ಕಟ್ಟಿದ್ವಿ, ಬೇರೆಯೋರ ಗರಗಸದಲ್ಲಿ. ದೋಣಿ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವಳು ಹೋಗಿ ಎಷ್ಟೋ ವರ್ಷ ಆಯ್ತು. ಈಗ ನನ್ನ ಹತ್ರ ಹಲಗೆ ಇದೆ, ಶೆಡ್ಡಿದೆ, ಕೈಕಾಲು ಸದ್ಯಕ್ಕೆ ಆಡುತ್ತೆ. ಇದರಲ್ಲೇ ಕೊಯ್ದು ದೋಣಿ ಮಾಡೋಣ ಅಂತ."

"ಒಳ್ಳೆ ಗರಗಸ ಕೊಡ್ತೀನಿ ಕಣೋ. ಇದರ ಅವಳಿ ಇದೆ ನನ್ನ ಹತ್ರ."

"ಬೇಡಮ್ಮ. ಒಳ್ಳೆ ಗರಗಸ ಬೇಕಿದ್ರೆ ಪೇಟೇಲಿ ಸಿಗ್ತಿರಲಿಲ್ವಾ?"

ಹಿಡಿ ಮಾಡಲು ನೋಲಾ ಸೇಬಿನ ಮರ ಹುಡುಕಿದಳು. ಹಳೆಯ ತೋಟಗಳನ್ನು ಕಿತ್ತು ಚೆರ್ರಿ ಹಾಕುತ್ತಿದ್ದ ಕಾಲವದು. ಬಸ್ಸಿನ ದಾರಿಯಲ್ಲೇ ಒಂದು ತೋಟದ ಬೇಲಿಗೆ ಬುಡಮೇಲಾದ ಮರಗಳ ರಾಶಿ ಒರಗಿತ್ತು. ಮಾಲೀಕ ಹತ್ತು ಮಾತು ಆಡಿ ಒಂದು ಒಣಗಿದ ಕೊಂಬೆ ಕೊಟ್ಟ. ಅವಳಿ ಗರಗಸದ ಹಿಡಿಯನ್ನು ಕಾಗದದ ಮೇಲಿಟ್ಟು ಗೆರೆ ಎಳೆದಳು, ಕೊಯ್ದಳು, ಕೆತ್ತಿದಳು, ಉಜ್ಜಿದಳು. ಅಗಸೆ ಎಣ್ಣೆ ಹಚ್ಚಿದಾಗ ಮರ ಜೇನಿನ ಬಣ್ಣಕ್ಕೆ ತಿರುಗಿತು. ಲಿಂಡ್ಸೆಯ ಕೈ ಅಳತೆ ತೆಗೆದುಕೊಳ್ಳದೆ, ಐಲೀನ್ ಉದ್ದ ಬೆರಳಿನವಳು ಎಂದು ಅವನು ಹೇಳಿದ್ದನ್ನು ನೆನೆದು ಕೆತ್ತಿದ್ದಳು. ಅವನು ಹಿಡಿದು ನೋಡಿ, "ನನಗೆ ತುಸು ಸಡಿಲ" ಎಂದ. ಆಮೇಲೆ, "ಇರ್ಲಿ, ಇರ್ಲಿ" ಎಂದ.

ಹಲ್ಲುಗಳಿಗೆ ಅರ ಹಾಕುವಾಗ ತುದಿಯ ಗೇಣನ್ನು ಅವಳು ಮುಟ್ಟಲಿಲ್ಲ. ಮಿಕ್ಕ ಹಲ್ಲುಗಳೇ ಕೊಯ್ಯಲಿ, ಹಸು-ಕರು ಹಾಗೇ ಮೇಯ್ದುಕೊಂಡಿರಲಿ ಎಂದು ಬಿಟ್ಟಳು.

ಚಳಿಗಾಲ ಪೂರ್ತಿ ಪ್ರತಿ ಗುರುವಾರ ಲಿಂಡ್ಸೆ ಮೊಂಡಾದ ಗರಗಸ ಹೊತ್ತು ಬರುತ್ತಿದ್ದ. ಒಂದು ಹಲಗೆ ಕೊಯ್ಯುವಷ್ಟರಲ್ಲಿ ಅದರ ಕಥೆ ಮುಗಿಯುತ್ತಿತ್ತು. ನೋಲಾ ಅದನ್ನು ಹಲಗೆಗಳ ನಡುವೆ ಬಿಗಿದು ಅರ ಹಾಕುವಳು. ಅರ ಹಾಕಿದಷ್ಟೂ ಸಲ ಅಲಗು ಕೂದಲೆಳೆಯಷ್ಟು ಸವೆಯುವುದು. ಹೊರಗೆ ನದಿಯ ಮೇಲಿಂದ ಮಂಜು ಎದ್ದು ಶೆಡ್ಡಿನ ಕಿಟಕಿಗೆ ಒತ್ತಿ ನಿಲ್ಲುತ್ತಿತ್ತು. ಒಳಗೆ ಅರದ ಸರ್ ಸರ್, ಒಲೆಯ ಚಟಪಟ. ಲಿಂಡ್ಸೆಯ ಬಟ್ಟೆಯಿಂದ ಹ್ಯೂನ್ ಪೈನ್ ವಾಸನೆ. ಅವನು ತಾಯಿಯ ಮಾತಾಡುತ್ತಿದ್ದ. ಅವಳು ಶಿಳ್ಳೆ ಹಾಕುತ್ತಿದ್ದದ್ದು, ಗಂಡಸರ ಪ್ಯಾಂಟು ತೊಟ್ಟು ಚರ್ಚಿಗೆ ಹೋಗಿ ಪಾದ್ರಿಯ ಬಾಯಿ ಕಟ್ಟಿಸಿದ್ದು, ಕುರಿಮಾಂಸವನ್ನು ಯಾವಾಗಲೂ ಸೀಯಿಸುತ್ತಿದ್ದದ್ದು. ನೋಲಾಳಿಗೆ ಕಣ್ಣು ಮುಚ್ಚುವ ಅಗತ್ಯ ಬರುತ್ತಿರಲಿಲ್ಲ. ಆದರೂ ಕನಸಿನಲ್ಲಿದ್ದಂತೆಯೇ ಇತ್ತು. ಈ ಕನಸಿಗೆ ಬಿಸಿ ಚಹಾ ಇತ್ತು, ಎದುರು ಮಾತಿತ್ತು, ಆಗಾಗ ಕೆಮ್ಮೂ ಇತ್ತು.

"ನಿನ್ನ ಹೊಸ ಗೆಳೆಯ ಜೀವಂತ ಇದಾನಲ್ಲ, ನನಗೆ ಭಯ ಆಗ್ತಿದೆ" ಎಂದು ಕೆಲ್ ಛೇಡಿಸಿದ. "ಸತ್ತೋರ ಜೊತೆ ಇದ್ದಾಗ ನಿಶ್ಚಿಂತೆ ಇತ್ತು."

"ಅವನಿಗೂ ಒಂದು ಮೀನು ತಂದುಕೊಡು, ಭಯ ಹೋಗುತ್ತೆ."

ಕೆಲ್ ಮೀನು ತಂದ. ಮುಂದಿನ ಗುರುವಾರ ರಜೆ ಇದ್ದುದರಿಂದ ತಾನೂ ಬಂದು ಕೂತ. ಆಮೇಲೆ ಲಿಂಡ್ಸೆಯ ಶೆಡ್ಡಿಗೆ ಹೋಗಿ ಹಲಗೆ ಬಗ್ಗಿಸಲು ಆವಿಪೆಟ್ಟಿಗೆಗೆ ಕಟ್ಟಿಗೆ ಒಟ್ಟಿದ. ಸೊಟ್ಟ ಹಲಗೆಯೊಂದು ಹಣೆಗೆ ಬಡಿದು ಗುಬುಟು ಬಂದಾಗ, "ದೋಣಿ ಅಂದ್ರೆ ತೇಲಬೇಕು, ಒದೀಬಾರದು" ಎಂದು ಬೈದ.

ಚಳಿಗಾಲ ಮುಗಿಯುತ್ತ ಬಂದ ಆಗಸ್ಟಿನಲ್ಲಿ ಒಂದು ದಿನ ಲಿಂಡ್ಸೆ ಗುರುವಾರವಲ್ಲದ ದಿನ ಬಂದ. ಮುಖ ಸಪ್ಪೆ. ಗರಗಸ ನಡುಮಧ್ಯದಲ್ಲಿ ಮಡಿಚಿದ ಎಲೆಯ ಹಾಗೆ ಸೊಟ್ಟಗಾಗಿತ್ತು.

"ಗಂಟು ಸಿಕ್ತು. ನೀನು ಹೇಳಿದ್ದೆ, ಒತ್ತಬೇಡ ಅಂತ. ಒತ್ತಿಬಿಟ್ಟೆ."

ನೋಲಾ ಅದನ್ನು ಹಳೆಯ ರೈಲುಕಂಬಿಯ ತುಂಡಿನ ಮೇಲಿಟ್ಟಳು. ಮಡಿಕೆಯ ಮೇಲೆ ಬೆರಳಾಡಿಸಿ ಉಬ್ಬು ಎಲ್ಲಿದೆಯೆಂದು ಹುಡುಕಿ, ಸಣ್ಣ ಸುತ್ತಿಗೆಯಿಂದ ತಟ್ಟತೊಡಗಿದಳು. ಒಂದು ತಟ್ಟು, ಒಂದು ನೋಟ. ಹದವಿದ್ದ ಉಕ್ಕಾದರೆ ಇಷ್ಟು ಹೊತ್ತಿಗೆ ಬಿರುಕು ಬಿಡುತ್ತಿತ್ತು. ಹದವಿಲ್ಲದ್ದರಿಂದಲೇ ಇದು ತಾಳಿಕೊಂಡಿತು. ನೆಟ್ಟಗಾದ ಅಲಗನ್ನು ಬೆಳಕಿಗೆ ಹಿಡಿದಾಗ ನಡುವೆ ಒಂದು ಮಸಕು ಗೆರೆ ಉಳಿದಿತ್ತು, ಅಷ್ಟೆ.

"ಇನ್ನೆಷ್ಟು ಕೊಯ್ಯುತ್ತೆ?" ಎಂದ.

"ಈ ಹಲ್ಲುಗಳ ಕೆಲಸ ಮುಗೀತಾ ಬಂತು. ಈ ಗೆರೆ ಹತ್ರ ಮತ್ತೆ ಒತ್ತಡ ಬಿದ್ರೆ ಹೋಯ್ತು. ತುದಿ ಹಲ್ಲೂ ಕೊಯ್ದ್ರೆ ಭಾರ ಹಂಚಿಕೊಳ್ಳುತ್ತೆ, ಇನ್ನೊಂದೆರಡು ಹಲಗೆ ಆಗಬಹುದು. ಆದ್ರೆ ತುದಿಗೆ ಅರ ಹಾಕಬೇಕು. ಹಾಕಿದ್ರೆ..."

ಹಾಕಿದರೆ ಹುಡುಗನ ಕೈಗುರುತು ಅಳಿಸಿಹೋಗುತ್ತದೆ. ಅದನ್ನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ಲಿಂಡ್ಸೆ ಒಲೆಯ ಮುಂದೆ ಕೂತ. ಕಟ್ಟಿಗೆಯೊಂದನ್ನು ಒಳಕ್ಕೆ ತಳ್ಳಿದ. "ಇಲ್ಲಿ ಕೊಡು ಅರ," ಎಂದ.

"ನೀನೇ ಹಾಕ್ತೀಯಾ?"

"ತುದಿ ನಂದಲ್ವಾ?"

ನೋಲಾ ಅಲಗನ್ನು ಬಿಗಿದು, ಅರವನ್ನು ಅವನ ಕೈಗಿತ್ತು, ಪಕ್ಕದಲ್ಲಿ ನಿಂತಳು. "ಆಳಕ್ಕೆ ಹೋಗಬೇಡ. ದೊಡ್ಡ ಹಸು ಮೊದಲು ತಗ್ಗಲಿ. ತಳ್ಳುವಾಗ ಕೊಯ್ಯಬೇಕು, ಎಳೆಯುವಾಗ ಎತ್ತಬೇಕು. ಕಿರ್ ಅಂದ್ರೆ ತಪ್ಪು, ಸರ್ ಅಂದ್ರೆ ಸರಿ." ಅವನು ಒಂದೊಂದೇ ಹಲ್ಲು ದಾಟಿದ. ಮೊದಲು ಕಿರ್ ಎಂದಿತು. ಆಮೇಲೆ ಕಿರ್ರೂ ಅಲ್ಲದ ಸರ್ರೂ ಅಲ್ಲದ ಏನೋ ಒಂದು. ಮೂಗಿನ ತುದಿಯಲ್ಲಿ ಬೆವರು ಬಂತು. ಕೊನೆಯ ಹತ್ತು-ಹನ್ನೆರಡು ಹಲ್ಲುಗಳಲ್ಲಿ ಅರ ಸರ್ ಎಂದು ಜಾರಿತು. ಉಕ್ಕಿನ ಪುಡಿ ಮೇಜಿನ ಮೇಲೆ ಬೂದು ಹಿಟ್ಟಿನ ಹಾಗೆ ಬಿದ್ದಿತ್ತು. ಅವನು ಅದನ್ನು ಬೆರಳಿಂದ ಒತ್ತಿ ನೋಡಿ, ಉಫ್ ಎಂದು ಊದಿಬಿಟ್ಟ.

"ಅಮ್ಮ ಇದ್ದಿದ್ರೆ ಏನು ಅಂತಿದ್ಲು?" ಎಂದು ನೋಲಾ ಕೇಳಿದಳು.

"ಇಷ್ಟು ಹೊತ್ತು ಬೇಕಾಯ್ತೇನೋ ಅಂತಿದ್ಲು."

ಇಬ್ಬರೂ ನಕ್ಕರು. ನಗುತ್ತ ನಗುತ್ತ ಲಿಂಡ್ಸೆ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ. ಅವನು ಅಳುತ್ತಿದ್ದಾನೆಂದು ಅವಳಿಗೆ ತಿಳಿದಾಗ ಸ್ವಲ್ಪ ತಡವಾಗಿತ್ತು. ಅವಳು ಹೊರಗೆ ಹೋಗಿ, ಬೇಡದಿದ್ದರೂ ಕಟ್ಟಿಗೆ ಆರಿಸಿದಳು.

ಆ ಗರಗಸ ಇನ್ನೂ ಮೂರು ಹಲಗೆ ಕೊಯ್ದಿತು. ಆಮೇಲೆ ಗೆರೆಯ ಹತ್ತಿರ ತಾನಾಗಿ ಜೋತುಬಿತ್ತು. ಲಿಂಡ್ಸೆ ಅದರ ಮೇಲೆ ಬಲ ಹಾಕಲಿಲ್ಲ. ಬಂದು, "ನಿನ್ನ ಗೋಡೆ ಮೇಲಿನ ಅವಳಿ ಕೊಡು" ಎಂದ. ಉಳಿದ ಹಲಗೆಗಳನ್ನು ಅದು ಹಾಡುತ್ತ ಕೊಯ್ದಿತು. ತಾಯಿಯ ಗರಗಸವನ್ನು ಅವನು ತನ್ನ ಶೆಡ್ಡಿನ ಮೊಳೆಗೆ ಹಾಕಿದ. ಈಗೀಗ ಅದರ ಕಡೆ ಹೆಚ್ಚು ನೋಡುವುದಿಲ್ಲ ಎಂದು ಒಮ್ಮೆ ಹೇಳಿದ, ಅದೊಂದು ನೆಮ್ಮದಿಯ ವಿಷಯವೆಂಬಂತೆ.

ನೋಲಾಳಲ್ಲಿಯೂ ಒಂದು ಬದಲಾವಣೆ ಬಂದಿತ್ತು. ಶನಿವಾರದ ಮಾರಾಟಗಳಲ್ಲಿ ಮೇಜಿನ ಕೆಳಗಿಂದ ಗರಗಸ ಎತ್ತಿದವಳೇ, "ಇದು ಯಾರದು? ಹೇಗಿದ್ರು?" ಎಂದು ಕೇಳತೊಡಗಿದಳು. ಕೆಲವರು ಭುಜ ಹಾರಿಸುವರು. ಕೆಲವರು ಕುರ್ಚಿ ಎಳೆದುಕೊಂಡು ಕೂತುಬಿಡುವರು. ಕುಡುಕರೂ ಬಂದರು, ಜಗಳಗಂಟರೂ ಬಂದರು. ಬರಲಿ ಎಂದಳು.

ಬೇಸಿಗೆ ಶುರುವಾಗುವ ಹೊತ್ತಿಗೆ ದೋಣಿ ನೀರಿಗಿಳಿಯಿತು. ಗಾಳಿಯಿಲ್ಲದ ಮಧ್ಯಾಹ್ನ. ಹೊಳೆಯ ಕಂದು ನೀರಿನಲ್ಲಿ ಎದುರು ದಂಡೆಯ ಗುಡ್ಡ ತಲೆಕೆಳಗಾಗಿ ಮಲಗಿತ್ತು. ಕೆಲ್ ಸ್ಕ್ಯಾಲಪ್ ಚಿಪ್ಪುಮೀನಿನ ಪೈಗಳ ಡಬ್ಬಿ ಹಿಡಿದು ಕಟ್ಟೆಯ ಮೇಲೆ ನಿಂತು, "ಹೆಸರಿಡಲ್ವೇನೋ ದೋಣಿಗೆ?" ಎಂದು ಕೂಗಿದ.

"ಕರೆದ್ರೆ ಬರುತ್ತಾ ಅದು?" ಎಂದ ಲಿಂಡ್ಸೆ. "ನೋಲಾ, ಹತ್ತು."

"ನನಗೆ ಈಜು ಬರಲ್ಲ ಕಣೋ."

"ನನಗೂ ಬರಲ್ಲ. ಹತ್ತು."

ಅವಳು ಹಿಂದಿನ ಹಲಗೆಯ ಮೇಲೆ ಕೂತಳು. ಲಿಂಡ್ಸೆ ಹುಟ್ಟು ಹಾಕಿದ. ಮೊದಲು ದೋಣಿ ದಿಕ್ಕು ತಪ್ಪಿದ ಕರುವಿನ ಹಾಗೆ ಸುತ್ತು ಹೊಡೆಯಿತು, ಆಮೇಲೆ ದಾರಿ ಹಿಡಿಯಿತು. ನಡುಹೊಳೆಯಲ್ಲಿ ಅವನು ಹುಟ್ಟುಗಳನ್ನು ಎತ್ತಿ ಒಳಗಿಟ್ಟುಕೊಂಡ. ಸಮುದ್ರದ ಕಡೆಯಿಂದ ಭರತ ಏರುತ್ತಿತ್ತು. ಅದು ದೋಣಿಯನ್ನು ಮೆಲ್ಲಗೆ ಮೇಲ್ಮುಖವಾಗಿ ಒಯ್ಯತೊಡಗಿತು, ತೊಟ್ಟಿಲನ್ನು ಪಕ್ಕಕ್ಕೆ ಸರಿಸಿದ ಹಾಗೆ. ಬಿಸಿಲಿಗೆ ಹಲಗೆಗಳು ಸಿಹಿ ವಾಸನೆ ಬಿಡುತ್ತಿದ್ದವು. ಜೊಂಡಿನ ಪಕ್ಕದಲ್ಲಿ ಕರಿಹಂಸಗಳು ಕುತ್ತಿಗೆ ಮಡಿಚಿ ನಿಂತಿದ್ದವು. ನೋಲಾಳ ಕಣ್ಣು ಎಳೆಯಿತು. ದಂಡೆಯಿಂದ ಕೆಲ್ ಏನೋ ಕೂಗುತ್ತಿದ್ದ. ಪೈ ಆರುತ್ತಿದೆ ಎಂದೋ, ತಾನೇ ತಿಂದುಬಿಡುತ್ತೇನೆ ಎಂದೋ ಇರಬೇಕು.

ಪಾದಕ್ಕೆ ತಣ್ಣಗಾಗಿ ಎಚ್ಚರವಾಯಿತು. ದೋಣಿಯ ತಳದಲ್ಲಿ ಬೆರಳು ಮುಳುಗುವಷ್ಟು ನೀರು.

"ಲಿಂಡ್ಸೆ! ಸೋರ್ತಿದೆ!"

"ಹೊಸ ಮರ, ನೀರು ಕುಡೀತಿದೆ," ಎಂದ ಅವನು, ಕಣ್ಣು ತೆರೆಯದೆ. "ಎರಡು ದಿನ ಕುಡಿದು ಉಬ್ಬಿದ್ರೆ ಸಂದೆಲ್ಲ ಮುಚ್ಕೊಳ್ಳುತ್ತೆ. ಆ ಡಬ್ಬ ತಗೊಂಡು ಮೊಗೆ."

ಅವಳು ಶೂ ಕಳಚಿ, ಡಬ್ಬ ಹುಡುಕಿ, ಮೊಗೆದು ಮೊಗೆದು ಹೊಳೆಗೆ ಸುರಿಯುತ್ತ ಕೂತಳು. ಅವಸರವೇನೂ ಇರಲಿಲ್ಲ.